ಬೀಗ ಒಂದು, ಒಡೆದದ್ದು

"ಥರ್ಮಾಮೀಟರ್ ಆರು."

"ಆರು."

"ಕತ್ತರಿ ಎರಡು, ಚಿಮಟ ಮೂರು."

"ಎರಡು... ಮೂರು. ಇವೆ."

"ಸಿಲಿಂಡರ್ ಸ್ಪ್ಯಾನರ್ ಒಂದು."

"ಒಂದು."

"ಮಕ್ಕಳ ಮಾಸ್ಕ್, ಸಣ್ಣದು, ನಾಲ್ಕು. ಕವರ್ ಹರಿದಿಲ್ಲ ತಾನೇ? ಮುಟ್ಟಿ ನೋಡಿ ಹೇಳಿ ಸಿಸ್ಟರ್. ಬರೀ ಕಣ್ಣಲ್ಲಿ ನೋಡಿದ್ರೆ ಆಗಲ್ಲ."

ಹೊಸ ಸಿಸ್ಟರ್ ಒಂದೊಂದನ್ನೇ ಮುಟ್ಟಿ ನೋಡಿದಳು. ಮಾಸ್ಕುಗಳು ಬಂದು ಮೂರು ವರ್ಷವಾಗಿತ್ತು. ಪ್ಲಾಸ್ಟಿಕ್ ಕವರು ಮಾತ್ರ ಬಂದ ದಿನದಷ್ಟೇ ಗರಿಗರಿಯಾಗಿತ್ತು. ಥರ್ಮಾಮೀಟರುಗಳದೂ ಅದೇ ಕಥೆ. ಆರು ವರ್ಷದಲ್ಲಿ ಆ ಮಕ್ಕಳ ವಾರ್ಡಿನ ಒಂದು ಥರ್ಮಾಮೀಟರೂ ಒಡೆದಿರಲಿಲ್ಲ. ಹೇಗೆ ಒಡೆದೀತು? ಹತ್ತಿಯ ಹಾಸಿಗೆಯ ಮೇಲೆ ಅವು ಮಲಗಿದ್ದವು, ಮಕ್ಕಳಿಗಿಂತ ಸುಖವಾಗಿ. ಜ್ವರವನ್ನು ಹಣೆ ಮುಟ್ಟಿ ನೋಡುತ್ತಿದ್ದರು, ಚಾರ್ಟಿನಲ್ಲಿ ಡಿಗ್ರಿ ಹಾಕಿ ಬರೆಯುತ್ತಿದ್ದರು. ಒಂದೂ ಒಡೆಯದ ಸಾಧನೆಗೆ ಎರಡು ಸಲ ಪ್ರಶಂಸಾಪತ್ರ ಬಂದಿತ್ತು. ಅವಕ್ಕೆ ಕಟ್ಟು ಹಾಕಿಸಿ ನರ್ಸುಗಳ ಮೇಜಿನ ಹಿಂದೆ ತೂಗುಹಾಕಿದ್ದರು.

ಇದು ದಿನಾ ಬೆಳಿಗ್ಗೆ ಎಂಟಕ್ಕೆ ನಡೆಯುವ ಕೆಲಸ. ಹೆಡ್ ಸಿಸ್ಟರ್ ಸೊಂಟದ ಗೊಂಚಲಿನಿಂದ ಕೀ ಬಿಡಿಸಿ ಕಬ್ಬಿಣದ ಬೀರುವಿನ ಹಿತ್ತಾಳೆ ಬೀಗ ತೆಗೆಯುತ್ತಾಳೆ. ಪಟ್ಟಿ ಓದುತ್ತಾಳೆ. ಪಾಳಿಯ ಸಿಸ್ಟರ್ ಎಣಿಸಿ ಸಹಿ ಹಾಕುತ್ತಾಳೆ. ಪಟ್ಟಿಯ ಕೊನೆಯ ಸಾಲು 'ಬೀಗ, ಒಂದು' ಎಂದಿತ್ತು. ಅದನ್ನು ಹಾಕಿ ಎಳೆದು ನೋಡಿದರೆ ಕೆಲಸ ಮುಗಿಯಿತು. ಮಕ್ಕಳನ್ನು ಎಣಿಸುವುದು ಆಮೇಲೆ. ಮಕ್ಕಳಿಗೆ ಆ ಪಟ್ಟಿಯಲ್ಲಿ ಜಾಗವಿರಲಿಲ್ಲ.

ಹೆಡ್ ಸಿಸ್ಟರಿಗೆ ಬೆನ್ನ ಹಿಂದೆ ಎಲ್ಲರೂ ಇಟ್ಟ ಹೆಸರು ಬೀಗದಕ್ಕ. ನಿವೃತ್ತಿಗೆ ಇನ್ನು ಐದು ತಿಂಗಳು. ಅವಳು ನಡೆದರೆ ಗೊಂಚಲು ಸದ್ದಾಗುತ್ತಿತ್ತು, ಆ ಸದ್ದಿಗೆ ಅಳುವ ಮಕ್ಕಳೂ ಸುಮ್ಮನಾಗುತ್ತವೆ ಎಂದು ಆಯಮ್ಮ ತಮಾಷೆ ಮಾಡುತ್ತಿದ್ದಳು. ಕೆಟ್ಟವಳಲ್ಲ. ಸೂಜಿ ಚುಚ್ಚುವುದರಲ್ಲಿ ಅವಳ ಕೈ ಹೂವಿನಂಥದು. ಆದರೆ ಬೀರುವಿನಿಂದ ಏನಾದರೂ ಬೇಕೆಂದರೆ ಡಾಕ್ಟರರ ಚೀಟಿ ಬೇಕು, ಚೀಟಿ ಬಂದರೂ ಅವಳೇ ಬಂದು ತೆಗೆದುಕೊಡಬೇಕು, ಕೆಲಸ ಮುಗಿದ ಕೂಡಲೇ ವಸ್ತು ಒಳಗೆ ಹೋಗಬೇಕು. ಅವಳು ಮನೆಗೆ ಹೋಗುವಾಗ ಕೀಗಳೂ ಅವಳ ಜೊತೆಗೇ ಹೋಗುತ್ತಿದ್ದವು.

"ಹಾಗಾದ್ರೆ ಸಂಜೆ ಮೇಲೆ ಮಗುಗೆ ಉಸಿರು ಕಟ್ಟಿದ್ರೆ?" ಎಂದು ಹೊಸ ಸಿಸ್ಟರ್ ಮೊದಲ ದಿನವೇ ಕೇಳಿದ್ದಳು.

"ಉಸಿರಾಟದ ಕೇಸನ್ನ ನಾವು ಸಂಜೆವರೆಗೆ ಇಟ್ಕೊಳ್ಳಲ್ಲ," ಎಂದಳು ಬೀಗದಕ್ಕ. "ದೊಡ್ಡಾಸ್ಪತ್ರೆಗೆ ಕಳಿಸಿಬಿಡ್ತೀವಿ."

ದೊಡ್ಡಾಸ್ಪತ್ರೆ ಆಂಬುಲೆನ್ಸಿನಲ್ಲಿ ಎರಡು ಗಂಟೆಯ ದಾರಿ. ದಾರಿಯಲ್ಲಿ ಸತ್ತ ಮಗು ಈ ವಾರ್ಡಿನ ಲೆಕ್ಕಕ್ಕೆ ಬರುವುದಿಲ್ಲ, ಆ ಆಸ್ಪತ್ರೆಯ ಲೆಕ್ಕಕ್ಕೂ ಹೋಗುವುದಿಲ್ಲ. ಹೀಗಾಗಿ ಈ ವಾರ್ಡಿನಲ್ಲಿ ಸಾವು ಬಹಳ ಕಡಿಮೆ. ಅದಕ್ಕೂ ಒಂದು ಪ್ರಶಂಸಾಪತ್ರವಿತ್ತು.

ಹೊಸ ಸಿಸ್ಟರ್ ಬಾಯಿ ಬಿಡಲಿಲ್ಲ. ಹದಿನಾರು ವರ್ಷದ ಸರ್ವಿಸಿನವಳನ್ನು ಹೊಸಬಳು ಎಂದು ಕರೆಯುತ್ತಿದ್ದರು, ಅದಕ್ಕೂ ಹೂಂ ಎಂದುಕೊಂಡಿದ್ದಳು. ಕಾರಣವಿತ್ತು. ಏಳು ವರ್ಷ ಅವಳು ಬಸ್ಸು ದಿನಕ್ಕೆ ಒಂದೇ ಸಲ ಬರುವ ಆರೋಗ್ಯ ಕೇಂದ್ರವೊಂದರಲ್ಲಿ ಒಂಟಿಯಾಗಿದ್ದು, ಭಾನುವಾರಕ್ಕೊಮ್ಮೆ ಮನೆ ಕಂಡವಳು. ಅರ್ಜಿ ಮೇಲೆ ಅರ್ಜಿ ಹಾಕಿ, ಕಂಡವರ ಕೈಕಾಲು ಹಿಡಿದು, ಮೂರು ವಾರದ ಹಿಂದೆ ಈ ಊರಿಗೆ ವರ್ಗ ಮಾಡಿಸಿಕೊಂಡಿದ್ದಳು. ಗಂಡ ಇಲ್ಲಿಯೇ ಟೈಲರ್. ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ನು, ಹಿಂದಿನ ಕೋಣೆಯಲ್ಲಿ ಸಂಸಾರ. ಮಗಳು ಆರನೇ ಕ್ಲಾಸು. ಏಳು ವರ್ಷ ಅಪ್ಪನೇ ಅವಳ ತಲೆ ಬಾಚಿದ್ದ. ಬಟ್ಟೆಯ ಮೇಲೆ ದಾರ ಹಿಡಿದಷ್ಟು ನೇರ ಗೆರೆ ಎಳೆಯುವ ಕೈ, ಮಗಳ ಬೈತಲೆ ಮಾತ್ರ ಯಾವಾಗಲೂ ಸೊಟ್ಟ. ಈಗ ಮೂರು ವಾರದಿಂದ ಅಮ್ಮ ಬಾಚುತ್ತಿದ್ದಳು. "ಅಮ್ಮ, ಇವತ್ತಿಗೆ ಇಪ್ಪತ್ತೊಂದು ದಿನ," ಎಂದು ಮಗಳು ಅಂದು ಬೆಳಿಗ್ಗೆಯೂ ಕನ್ನಡಿಯಲ್ಲಿ ನೋಡಿಕೊಳ್ಳುತ್ತಾ ಹೇಳಿದ್ದಳು. ಹೊಸ ಸಿಸ್ಟರಿಗೆ ಬೇಕಾಗಿದ್ದುದು ಆ ಎಣಿಕೆ ನಿಲ್ಲದಿರುವುದು, ಅಷ್ಟೇ. ಒಂದು ಮೆಮೊ ಬಂದರೆ ಸಾಕು, ಮತ್ತೆ ಆ ಬಸ್ಸು.

ಹತ್ತೂವರೆಗೆ ಬೀಗದಕ್ಕ ಮೀಟಿಂಗಿಗೆ ಹೊರಟಳು. ಮುಂದಿನ ವಾರ ಗುಣಮಟ್ಟ ಪರಿಶೀಲನೆಯ ಸಮಿತಿ ಬರುವುದಿತ್ತು. ಸಮಿತಿ ಏನು ಕೇಳಿದರೆ ಏನು ಹೇಳಬೇಕು ಎಂದು ಸೂಪರಿಂಟೆಂಡೆಂಟ್ ಸಾಹೇಬರು ಎಲ್ಲ ವಾರ್ಡಿನವರಿಗೂ ಪಾಠ ಹೇಳಿಕೊಡುವವರಿದ್ದರು. ವಾರ್ಡಿನ ಡಾಕ್ಟರೂ ಹೋದರು. ಮೀಟಿಂಗಿನಲ್ಲಿ ಫೋನ್ ಆಫ್ ಮಾಡಿಡಬೇಕೆಂದು ಮೊದಲೇ ಸುತ್ತೋಲೆ ಬಂದಿತ್ತು. ಹತ್ತೊಂಬತ್ತು ಮಕ್ಕಳಿಗೆ ಉಳಿದವರು ಹೊಸ ಸಿಸ್ಟರ್ ಮತ್ತು ಆಯಮ್ಮ.

ಏಳನೇ ಹಾಸಿಗೆಯ ಮಗುವಿಗೆ ಇನ್ನೂ ಎರಡು ವರ್ಷ ತುಂಬಿರಲಿಲ್ಲ. ಹಿಂದಿನ ದಿನ ಸೇರಿಸಿದ್ದರು, ಎದೆಯಲ್ಲಿ ಕಫ; ಉಸಿರಿಗೆ ಆಗಿನ್ನೂ ತೊಂದರೆ ಇರಲಿಲ್ಲ. ಬೆಳಗಿನವರೆಗೂ ಕೆಮ್ಮಿ ಕೆಮ್ಮಿ, ಅತ್ತು ಅತ್ತು ಇಡೀ ವಾರ್ಡನ್ನು ತಲೆಯ ಮೇಲೆ ಹೊತ್ತಿತ್ತು. ಜೊತೆಗಿದ್ದವಳು ಅಜ್ಜಿ, ಮಗುವಿನ ತಾಯಿ ಕಾರ್ಖಾನೆಯಲ್ಲಿ ರಜೆ ಸಿಗದೆ ಕೆಲಸಕ್ಕೆ ಹೋಗಿದ್ದಳು. ಹನ್ನೊಂದರ ಸುಮಾರಿಗೆ ಹೊಸ ಸಿಸ್ಟರ್ ಆ ಕಡೆ ಹೋದಾಗ ಅಜ್ಜಿ ತುಟಿಯ ಮೇಲೆ ಬೆರಳಿಟ್ಟಳು.

"ಮೆತ್ತಗೆ ತಾಯಿ. ಈಗ ನಿದ್ದೆ ಹತ್ತಿದೆ. ನಿಮ್ಮ ಔಷಧಿ ಹಿಡೀತು ನೋಡಿ, ಹಟ ಎಲ್ಲ ಬಿಟ್ಟು ಬಂಗಾರದ ಹಾಗೆ ಮಲಗಿದೆ."

ಹೊಸ ಸಿಸ್ಟರ್ ಹೊದಿಕೆ ಸರಿಸಿದಳು. ಮಗು ಮಲಗಿರಲಿಲ್ಲ. ಕಣ್ಣು ಅರ್ಧ ತೆರೆದಿತ್ತು. ಪ್ರತಿ ಉಸಿರಿಗೂ ಪಕ್ಕೆಲುಬುಗಳ ಕೆಳಗೆ ಹೊಟ್ಟೆ ಗುಳಿ ಬೀಳುತ್ತಿತ್ತು. ಅವಳು ಗಡಿಯಾರ ನೋಡುತ್ತಾ ಉಸಿರು ಎಣಿಸಿದಳು. ನಿಮಿಷಕ್ಕೆ ಎಪ್ಪತ್ತೆರಡು. ತುಟಿಯ ಸುತ್ತ, ಉಗುರಿನ ಬುಡದಲ್ಲಿ ನೀಲಿ ಇಳಿಯುತ್ತಿತ್ತು. ಅಳುವುದಕ್ಕೂ ಶಕ್ತಿ ಉಳಿಯದೆ ಮಗು ಸುಮ್ಮನಾಗಿತ್ತು.

"ಅಜ್ಜಿ, ಮಗೂನ ಎತ್ತಿ ನೆಟ್ಟಗೆ ಕೂರಿಸ್ಕೊಳ್ಳಿ. ಎದೆಗೆ ಒರಗಿಸ್ಕೊಳ್ಳಿ. ಆಯಮ್ಮ, ಓಡಿ! ಮೀಟಿಂಗ್ ಹಾಲಿಗೆ. ಡಾಕ್ಟ್ರು ಬರ್ಬೇಕು, ಹೆಡ್ ಸಿಸ್ಟರ್ ಹತ್ರ ಕೀ ಇಸ್ಕೊಳ್ಳಿ. ಏಳನೇ ಹಾಸಿಗೆಗೆ ಆಕ್ಸಿಜನ್ ಅಂತ ಹೇಳಿ."

ಆಕ್ಸಿಜನ್ ಸಿಲಿಂಡರ್ ಮೂಲೆಯಲ್ಲೇ ನಿಂತಿತ್ತು. ತುಂಬಿದ ಸಿಲಿಂಡರು, ಮೀಟರು, ನಳಿಕೆ ಎಲ್ಲ ಇತ್ತು. ಅದರ ಕತ್ತು ತಿರುಗಿಸಲು ಬೇಕಾದ ಅಂಗೈಯುದ್ದದ ಕಬ್ಬಿಣದ ಸ್ಪ್ಯಾನರು ಬೀರುವಿನೊಳಗಿತ್ತು. ಹಿಂದೊಮ್ಮೆ ಒಂದು ಸ್ಪ್ಯಾನರು ಕಳೆದುಹೋಗಿತ್ತಂತೆ. ಅಂದಿನಿಂದ ಅದಕ್ಕೂ ಸೆರೆವಾಸ. ಅವಳು ಸಿಲಿಂಡರನ್ನು ದರದರ ಎಳೆದು ತಂದು ಏಳನೇ ಹಾಸಿಗೆಯ ಬಳಿ ನಿಲ್ಲಿಸಿದಳು. ಬರಿಗೈಯಲ್ಲಿ ತಿರುಗಿಸಿ ನೋಡಿದಳು, ಸೆರಗಿನ ತುದಿ ಸುತ್ತಿ ತಿರುಗಿಸಿ ನೋಡಿದಳು. ಅಂಗೈ ತರಚಿತು, ಅದು ಜಪ್ಪಯ್ಯ ಅನ್ನಲಿಲ್ಲ.

ಆಯಮ್ಮ ಏದುಸಿರು ಬಿಡುತ್ತಾ ವಾಪಸು ಬಂದಳು. "ಬಿಡ್ಲಿಲ್ಲ ಸಿಸ್ಟರಮ್ಮ! ಬಾಗಿಲಲ್ಲಿ ಜವಾನ ಅಡ್ಡ ಕೂತವ್ನೆ. ಮುಗಿಯೋವರೆಗೆ ಯಾರನ್ನೂ ಬಿಡ್ಬೇಡ ಅಂತ ಸಾಹೇಬರ ಆರ್ಡರಂತೆ. ಮಗು ಸಾಯ್ತಾ ಇದೆ ಕಣೋ ಅಂದೆ. ಚೀಟಿ ಬರ್ಕೊಂಡ್ ಬಾ, ಒಳಗೆ ಕಳಿಸ್ತೀನಿ ಅಂದ."

ಹೊಸ ಸಿಸ್ಟರ್ ಮಗುವಿನ ಮುಖ ನೋಡಿದಳು. ಒಂದು ಕ್ಷಣ ಅವಳ ಕಣ್ಣ ಮುಂದೆ ಬಂದದ್ದು ಮಗಳ ಬೈತಲೆ, ದಿನಕ್ಕೆ ಒಂದೇ ಸಲ ಬರುವ ಆ ಬಸ್ಸು. ಸುಳ್ಳು ಹೇಳಿ ಏನು ಪ್ರಯೋಜನ, ಬಂದದ್ದು ಹೌದು. ಆಮೇಲೆ ಅವಳು ವಾರ್ಡಿನ ಬಾಗಿಲಿಗೆ ಹೋದಳು. ಬಾಗಿಲು ಗಾಳಿಗೆ ಬಡಿದುಕೊಳ್ಳದಂತೆ ಒಂದು ಕರಿಕಲ್ಲು ಒತ್ತುಕೊಟ್ಟಿದ್ದರು, ತೆಂಗಿನಕಾಯಿ ಗಾತ್ರದ್ದು. ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಂದು ಬೀರುವಿನ ಮುಂದೆ ನಿಂತಳು.

"ಅಯ್ಯಯ್ಯೋ ಸಿಸ್ಟರಮ್ಮ, ಬೇಡ! ನಿಮ್ಮ ಹೊಟ್ಟೆಪಾಡು ನೋಡ್ಕೊಳ್ಳಿ!"

ಮೊದಲ ಏಟು ಬೀರುವಿಗೆ ಬಿತ್ತು. ಎರಡನೆಯದು ಬೆರಳಿಗೆ. ಮೂರನೆಯದಕ್ಕೆ ಹಿತ್ತಾಳೆ ಬೀಗ ಬಾಯಿ ಬಿಟ್ಟು ನೆಲಕ್ಕೆ ಬಿತ್ತು. ಹತ್ತೊಂಬತ್ತು ಮಕ್ಕಳಲ್ಲಿ ಹದಿನೆಂಟು ಒಟ್ಟಿಗೆ ಅಳತೊಡಗಿದವು. ಅವಳು ಸ್ಪ್ಯಾನರ್ ಎತ್ತಿಕೊಂಡಳು, ಮಾಸ್ಕಿನ ಕವರನ್ನು ಹಲ್ಲಿನಲ್ಲಿ ಹರಿದಳು, ಸಿಲಿಂಡರಿನ ಕತ್ತು ತಿರುಗಿಸಿದಳು. ಬುಸ್ಸೆಂದು ಗಾಳಿ ಬಂತು. ಅಜ್ಜಿಯ ತೊಡೆಯ ಮೇಲಿದ್ದ ಮಗುವಿನ ಮುಖಕ್ಕೆ ಮಾಸ್ಕು ಹಿಡಿದು, ಅವಳು ಮತ್ತೆ ಗಡಿಯಾರ ನೋಡಿದಳು. ಹನ್ನೊಂದು ಗಂಟೆ ಹದಿನೇಳು ನಿಮಿಷ. ತುಟಿಯ ನೀಲಿ ಬಿಡಲು ಆರು ನಿಮಿಷ ಹಿಡಿಯಿತು. ಅಷ್ಟು ಹೊತ್ತೂ ಅವಳ ಬೆರಳಿನ ರಕ್ತ ಅಜ್ಜಿಯ ಸೀರೆಗೆ ತೊಟ್ಟಿಕ್ಕುತ್ತಿತ್ತು, ಇಬ್ಬರಿಗೂ ಗೊತ್ತಾಗಲಿಲ್ಲ.

ಆಯಮ್ಮ ಎರಡನೇ ಸಲ ಓಡಿ, ಈ ಸಲ ಜವಾನನ ತಲೆಯ ಮೇಲಿಂದ ಒಳಗೆ ಕೂಗಿಯೇಬಿಟ್ಟಳು. ಡಾಕ್ಟರು ಬಂದರು. ಎದೆಗೆ ಸ್ಟೆತಾಸ್ಕೋಪ್ ಇಟ್ಟು ಕೇಳಿ, ಸೂಜಿ ಹಾಕಿಸಿ, ಬೆವರು ಒರೆಸಿಕೊಂಡರು. "ಇನ್ನೊಂದು ಹತ್ತು ನಿಮಿಷ ತಡ ಆಗಿದ್ರೆ ಕಷ್ಟ ಇತ್ತು, ಸಿಸ್ಟರ್. ಒಳ್ಳೇ ಕೆಲಸ ಮಾಡಿದ್ರಿ," ಎಂದು ಮೆಲ್ಲಗೆ ಹೇಳಿದರು. ಬಹಳ ಮೆಲ್ಲಗೆ, ಪಕ್ಕದ ಹಾಸಿಗೆಗೂ ಕೇಳಲಿಲ್ಲ.

ಅವರ ಹಿಂದೆಯೇ ಗೊಂಚಲಿನ ಸದ್ದು ಬಂತು. ಬೀಗದಕ್ಕ ಬಾಗಿಲಲ್ಲಿ ನಿಂತು ನೆಲದ ಮೇಲಿನ ಬೀಗ ನೋಡಿದಳು, ಕಲ್ಲು ನೋಡಿದಳು. ಮುಖ ಸುಣ್ಣದ ಗೋಡೆಯಂತಾಯಿತು. ನೇರ ಬೀರುವಿನ ಬಳಿಗೆ ಹೋಗಿ ಮಂಡಿಯೂರಿ ಕೂತು ಎಣಿಸತೊಡಗಿದಳು.

"ಥರ್ಮಾಮೀಟರ್... ಆರು. ಕತ್ತರಿ ಎರಡು..."

ಹೊಸ ಸಿಸ್ಟರಿಗೆ ಸಿಟ್ಟು ನೆತ್ತಿಗೇರಿತು. ಮೂರು ವಾರ ನುಂಗಿಕೊಂಡಿದ್ದೆಲ್ಲ ಒಟ್ಟಿಗೇ ಬಾಯಿಗೆ ಬಂತು. "ಮೇಡಂ, ಈ ಕಡೆ ನೋಡಿ! ಮೊದಲು ಈ ಮಗೂನ ನೋಡಿ! ನೀವೂ ನರ್ಸೇ ಅಲ್ವಾ? ಇಲ್ಲಾ ಗೋಡೌನಿಗೆ ಕಾವಲಿದ್ದೀರಾ?"

ಬೀಗದಕ್ಕ ತಿರುಗಲಿಲ್ಲ. "ಮಾಸ್ಕ್ ಮೂರು," ಎಂದಳು. "ಒಂದು ಕಮ್ಮಿ."

ನೋಟಿಸು ಮಾರನೆಯ ದಿನವೇ ಬಂತು. ಆ ಆಸ್ಪತ್ರೆಯಲ್ಲಿ ಮುರಿದ ಕಿಟಕಿಗೆ ಗಾಜು ಬರಲು ಎರಡು ವರ್ಷ, ನೋಟಿಸಿಗೆ ಒಂದೇ ದಿನ. 'ಅನುಮತಿಯಿಲ್ಲದೆ ಸರ್ಕಾರಿ ಸ್ವತ್ತನ್ನು ಧ್ವಂಸಗೊಳಿಸಿದ್ದು' ಎಂದಿತ್ತು. ಇಡೀ ಪುಟದಲ್ಲಿ ಬೀರು ನಾಲ್ಕು ಸಲ ಬಂದಿತ್ತು, ಬೀಗ ಏಳು ಸಲ. ಮಗು ಎಂಬ ಪದವನ್ನು ಅವಳು ಹಿಂದೆ ಮುಂದೆ ತಿರುಗಿಸಿ ಹುಡುಕಿದಳು. ಒಂದು ಸಲವೂ ಇರಲಿಲ್ಲ.

ಮಧ್ಯಾಹ್ನ ಬಟ್ಟೆ ಮಡಿಸುವ ಕೋಣೆಯಲ್ಲಿ ಆಯಮ್ಮ ಅವಳ ಬೆರಳಿಗೆ ಹೊಸ ಪಟ್ಟಿ ಸುತ್ತುತ್ತಾ ಹೇಳಿದಳು. "ಬೀಗದಕ್ಕನ್ನ ಬೈಬೇಡಿ ಸಿಸ್ಟರಮ್ಮ. ಅವಳೂ ನಿಮ್ಮ ಹಾಗೇ ಇದ್ದೋಳು. ಹನ್ನೊಂದು ವರ್ಷದ ಹಿಂದೆ, ಹುಟ್ಟಿದ ಕೂಸನ್ನ ಬೆಚ್ಚಗಿಡೋ ಯಂತ್ರ ಒಂದು ಬಂದಿತ್ತು. ಡಬ್ಬಿ ಬಿಚ್ಚೋಕೆ ಯಾರಿಗೂ ಧೈರ್ಯ ಇಲ್ಲ. ಒಂದು ಕೂಸು ತಣ್ಣಗಾಗ್ತಿತ್ತು ಅಂತ ಇವಳು ಬಿಚ್ಚಿ ಹಾಕಿದ್ಲು. ಎರಡು ದಿನ ಓಡ್ತು, ಮೂರನೇ ದಿನ ಕರೆಂಟು ಹೆಚ್ಚುಕಮ್ಮಿ ಆಗಿ ಸುಟ್ಟೋಯ್ತು. ಬಳಸೋಕೆ ಯಾರು ಹೇಳಿದ್ರು, ಯಾರು ಹೇಳಿದ್ರು ಅಂತ ಮೂರು ವರ್ಷ ಅಲೆದಾಡಿಸಿದ್ರು ಕಣ್ರೀ. ಪ್ರಮೋಷನ್ನೂ ತಡೆಹಿಡಿದ್ರು. ಬಳಸದೆ ಇದ್ದೋರಿಗೆ ಒಂದು ಮಾತೂ ಇಲ್ಲ. ಆವತ್ತಿಂದ ಸೊಂಟಕ್ಕೆ ಕೀ ಕಟ್ಕೊಂಡ್ಲು."

"ಆ ಕೂಸು? ಬದುಕ್ತಾ?"

ಆಯಮ್ಮ ಪಟ್ಟಿ ಸುತ್ತುವುದನ್ನು ನಿಲ್ಲಿಸಿದಳು. "ಬದುಕ್ತು. ಇಷ್ಟು ವರ್ಷದಲ್ಲಿ ಅದನ್ನ ಕೇಳಿದ್ದು ನೀವೇ ಮೊದಲು."

ವಿಚಾರಣೆ ಶುಕ್ರವಾರ, ಸಾಹೇಬರ ಕೋಣೆಯಲ್ಲಿ. ಮೇಜಿನ ಗಾಜಿನ ಮೇಲೆ ಒಡೆದ ಬೀಗವನ್ನು ಬಿಳಿ ಕಾಗದ ಹಾಸಿ ಮಲಗಿಸಿದ್ದರು. ಒಂದು ಕಡೆ ಡಾಕ್ಟರು, ಇನ್ನೊಂದು ಕಡೆ ಬೀಗದಕ್ಕ. ಹೊಸ ಸಿಸ್ಟರಿಗೆ ಕುರ್ಚಿ ಹಾಕಿರಲಿಲ್ಲ.

"ಎಷ್ಟು ವರ್ಷ ಸರ್ವಿಸು?"

"ಹದಿನಾರು, ಸರ್."

"ಹದಿನಾರು ವರ್ಷದಲ್ಲಿ ಬೀಗ ಒಡೆಯೋದು ಕಲಿತ್ರಾ? ಇದು ಆಸ್ಪತ್ರೆನೋ, ಕಳ್ಳರ ಸಂತೆನೋ?"

"ಮಗು ನೀಲಿಗಟ್ಟಿತ್ತು ಸರ್. ಕೀ ಇಲ್ಲಿ ಮೀಟಿಂಗಲ್ಲಿತ್ತು. ಆಯಮ್ಮನ್ನ ಕಳಿಸಿದ್ದೆ, ಒಳಗೆ ಬಿಡ್ಲಿಲ್ಲ."

"ಮಗೂ ವಿಷಯ ಈಗ ಯಾರು ಎತ್ತಿದ್ರು? ಮಗು ಚೆನ್ನಾಗಿದೆ, ಸಂತೋಷ. ನಾನು ಕೇಳ್ತಿರೋದು ಬೀಗ. ಒಡೆಯೋಕೆ ಯಾರು ಹೇಳಿದ್ರು?"

ಆ ಮಾತಿಗೆ ಬೀಗದಕ್ಕನ ಗೊಂಚಲು ಒಮ್ಮೆ ಸದ್ದಾಯಿತು. ಅವಳು ಸೆರಗಿನಿಂದ ಅದನ್ನು ಒತ್ತಿ ಹಿಡಿದುಕೊಂಡಳು.

"ಡಾಕ್ಟ್ರೇ, ನೀವು ಹೇಳಿದ್ರಾ?"

"ನಾನು ಬರೋ ಹೊತ್ತಿಗೆ ಬೀಗ ಒಡೆದಿತ್ತು, ಸರ್," ಎಂದರು ಡಾಕ್ಟರು. ಒಂದಕ್ಷರವೂ ಸುಳ್ಳಲ್ಲ. ಆ ವಾಕ್ಯವನ್ನು ಅವರು ಮನೆಯಲ್ಲೇ ಜೋಡಿಸಿಕೊಂಡು ಬಂದಿದ್ದರೆಂದು ಕಾಣುತ್ತದೆ. ಹೇಳಿ ಮುಗಿಸಿ ಕೈ ತೊಳೆದುಕೊಂಡವರಂತೆ ಎರಡೂ ಅಂಗೈ ಉಜ್ಜಿಕೊಂಡರು.

"ಹೆಡ್ ಸಿಸ್ಟರ್, ಕೇಳಿದ್ರೆ ನೀವು ಕೀ ಕೊಡ್ತಿದ್ರಿ ತಾನೇ?"

"ಕೊಡ್ತಿದ್ದೆ, ಸರ್." ಬೀಗದಕ್ಕನ ದನಿ ಅವಳಿಗೇ ಕೇಳಿಸಿತೋ ಇಲ್ಲವೋ. ಕಣ್ಣು ಮೇಜಿನ ಮೇಲಿನ ಬೀಗದಿಂದ ಏಳಲಿಲ್ಲ.

ಸಾಹೇಬರು ಕುರ್ಚಿಗೆ ಒರಗಿದರು. ದನಿ ಮೆತ್ತಗಾಯಿತು. ಅವರೂ ದುಷ್ಟರಲ್ಲ, ದಣಿದವರು. ಅವರ ಮೇಲಿನವರಿಗೂ ಅವರು ಇಂಥದೇ ಪಟ್ಟಿ ಒಪ್ಪಿಸಬೇಕಿತ್ತು. "ನೋಡಮ್ಮ, ಬುಧವಾರ ಸಮಿತಿ ಬರುತ್ತೆ. ಅಷ್ಟರೊಳಗೆ ಈ ಫೈಲ್ ಮುಚ್ಬೇಕು. ಎರಡು ಸಾಲು ಬರ್ಕೊಡಿ. ತಪ್ಪಾಯಿತು, ಇನ್ನು ಮುಂದೆ ಹೀಗೆ ಮಾಡುವುದಿಲ್ಲ. ಇಷ್ಟೇ. ನೀವು ಇಲ್ಲೇ ಇರ್ತೀರಿ. ಬರ್ಕೊಡದೆ ಹೋದ್ರೆ ನಿಮ್ಮನ್ನ ಇಟ್ಕೊಳ್ಳೋಕೆ ನನ್ನ ಕೈಲಾಗಲ್ಲ, ಬಂದ ಜಾಗಕ್ಕೇ ವಾಪಸ್ ಕಳಿಸ್ಬೇಕಾಗುತ್ತೆ. ಸೋಮವಾರ ಬೆಳಿಗ್ಗೆವರೆಗೂ ಟೈಮಿದೆ."

ಅಂದು ಸಂಜೆ ಗಂಡ ಮಿಷನ್ ನಿಲ್ಲಿಸಿ ನೋಟಿಸನ್ನು ಎರಡು ಸಲ ಓದಿದ.

"ಎರಡು ಸಾಲು ತಾನೇ? ಬರೆದು ಬಿಸಾಕು," ಎಂದ. "ನಾಳೆ ಇನ್ನೊಂದು ಮಗು ಬಂದ್ರೆ ಆಗ ನೋಡ್ಕೊಂಡ್ರಾಯ್ತು. ಬರೆದಿದ್ದನ್ನ ಯಾರು ಇಟ್ಕೊಂಡು ಕೂತಿರ್ತಾರೆ?"

"ತಪ್ಪಾಯಿತು ಅಂತ ಬೇಕಾದ್ರೆ ಬರೀತೀನಿ ರೀ. ಬೀಗ ಒಡೆದಿದ್ದು ತಪ್ಪೇ ಇರ್ಬಹುದು. ಆದರೆ 'ಇನ್ನು ಮುಂದೆ ಮಾಡುವುದಿಲ್ಲ' ಅಂತ ಹೇಗೆ ಬರೀಲಿ? ಬರೆದ ಮೇಲೆ ಅದು ತಲೆಯಲ್ಲಿ ಕೂತ್ಕೊಳ್ಳುತ್ತೆ. ಇನ್ನೊಂದು ಸಲ ಕಲ್ಲು ಎತ್ತೋವಾಗ ಕೈ ತಡೆಯುತ್ತೆ. ಹೆಡ್ ಸಿಸ್ಟರಿಗೆ ಹಾಗೇ ಆಗಿದ್ದು."

ಗಂಡನಿಗೂ ಸಿಟ್ಟು ಬಂದಿತ್ತು. ಏಳು ವರ್ಷ ಮಗಳಿಗೆ ತಂದೆತಾಯಿ ಎರಡೂ ಆಗಿದ್ದವನು, ಸಿಟ್ಟು ಬಂದರೆ ತಪ್ಪೇ? ಕತ್ತರಿಸಿಟ್ಟ ಬಟ್ಟೆಯ ತುಂಡುಗಳನ್ನು ಸುಮ್ಮನೆ ಈ ಕಡೆಯಿಂದ ಆ ಕಡೆ ಸರಿಸಿದ. ಬಾಗಿಲಿಗೆ ಒರಗಿ ಕೇಳಿಸಿಕೊಳ್ಳುತ್ತಿದ್ದ ಮಗಳು ಕೇಳಿದಳು, "ಅಮ್ಮ, ಆ ಪಾಪು ಈಗ ಹೇಗಿದೆ?"

"ಇವತ್ತು ಬೆಳಿಗ್ಗೆ ನನ್ನ ಮೇಲೆ ಬಿಸ್ಕೆಟ್ ಎಸೀತು."

ಮಗಳು ನಕ್ಕಳು. ಆಮೇಲೆ ಮುಖ ತಿರುಗಿಸಿಕೊಂಡು ಹಿಂದಿನ ಕೋಣೆಗೆ ಹೋಗಿ ಬಹಳ ಹೊತ್ತು ಹೊರಗೆ ಬರಲಿಲ್ಲ.

ಸೋಮವಾರ ಬೆಳಿಗ್ಗೆ ಹೊಸ ಸಿಸ್ಟರ್ ಎರಡು ಸಾಲು ಬರೆದುಕೊಟ್ಟಳು. 'ಬೀಗ ಒಡೆದದ್ದು ನಾನೇ. ಮತ್ತೆ ಮಗುವಿನ ಉಸಿರು ನಿಲ್ಲುವಂತಾಗಿ ಕೀ ಸಿಗದೆ ಹೋದರೆ ಮತ್ತೆ ಒಡೆಯುತ್ತೇನೆ.' ವರ್ಗದ ಆದೇಶ ಸಂಜೆಯೊಳಗೆ ಟೈಪಾಗಿ ಬಂತು. ಜಾರಿ ಬುಧವಾರ ಮಧ್ಯಾಹ್ನದಿಂದ. ಸಮಿತಿ ಬಂದು ಹೋಗುವವರೆಗೆ ವಾರ್ಡಿನಲ್ಲಿ ಸಮವಸ್ತ್ರ ತೊಟ್ಟ ಒಬ್ಬರು ಕಾಣಬೇಕಿತ್ತಲ್ಲ.

ಬುಧವಾರ ಅವಳು ಮಗಳ ತಲೆಯನ್ನು ಬೇಕೆಂದೇ ನಿಧಾನವಾಗಿ ಬಾಚಿದಳು. ಮಗಳು ದಿನ ಎಣಿಸಲಿಲ್ಲ. ಹೊಸ ಸಿಸ್ಟರ್ ತನ್ನ ಬ್ಯಾಗನ್ನು ಆಸ್ಪತ್ರೆಗೇ ತಂದು ನರ್ಸುಗಳ ಮೇಜಿನ ಕೆಳಗೆ ತಳ್ಳಿಟ್ಟಳು. ಮೂರು ಗಂಟೆಗೆ ಬಸ್ಸು.

ಎಂಟಕ್ಕೆ ಬೀಗದಕ್ಕ ಪಟ್ಟಿ ಹಿಡಿದಳು. ಬೀರುವಿಗೆ ಹೊಸ ಬೀಗ ಬಂದಿತ್ತು, ಹಳೆಯದರ ಎರಡರಷ್ಟು ದೊಡ್ಡದು. ವಿಚಾರಣೆಯಾದ ಮೇಲೆ ಇಬ್ಬರೂ ಕೆಲಸದ ಮಾತು ಬಿಟ್ಟು ಬೇರೆ ಆಡಿರಲಿಲ್ಲ.

"ಥರ್ಮಾಮೀಟರ್ ಆರು."

"ಆರು."

"ಕತ್ತರಿ ಎರಡು, ಚಿಮಟ ಮೂರು."

"ಇವೆ."

"ಸಿಲಿಂಡರ್ ಸ್ಪ್ಯಾನರ್ ಒಂದು."

ಹೊಸ ಸಿಸ್ಟರ್ ಕೈ ಹಾಕಿದಳು. ಸ್ಪ್ಯಾನರ್ ಇರಲಿಲ್ಲ. ಮೇಲಿನ ಅರೆ ನೋಡಿದಳು, ಕೆಳಗಿನದು ನೋಡಿದಳು. ಹೋಗುವ ದಿನ ಇದೊಂದು ಬೇರೆ ತಲೆಗೆ ಕಟ್ಟುತ್ತಾರೆಯೇ?

"ಇಲ್ಲ ಮೇಡಂ."

ಬೀಗದಕ್ಕ ಪಟ್ಟಿಯಿಂದ ತಲೆ ಎತ್ತಲಿಲ್ಲ. "ಇದೆ. ಆ ಕಡೆ ನೋಡಿ," ಎಂದು ಗುರುತು ಹಾಕಿದಳು.

ಮೂಲೆಯ ಸಿಲಿಂಡರಿನ ಕತ್ತಿಗೆ ಬ್ಯಾಂಡೇಜ್ ಬಟ್ಟೆಯ ಉದ್ದನೆಯ ಪಟ್ಟಿ ಕಟ್ಟಿ, ಅದರ ತುದಿಯಲ್ಲಿ ಸ್ಪ್ಯಾನರ್ ಇಳಿಬಿಟ್ಟಿತ್ತು. ಪಟ್ಟಿಯ ಅಂಚನ್ನು ಎಳೆ ಬಿಡದಂತೆ ಒಳಕ್ಕೆ ಮಡಿಸಿ ಕಟ್ಟಿದ ಗಂಟು. ಆ ವಾರ್ಡಿನಲ್ಲಿ ಹಾಗೆ ಕಟ್ಟುವ ಕೈ ಒಂದೇ. ಪಕ್ಕದ ಮೊಳೆಗೆ ಕವರು ಬಿಚ್ಚಿದ ಒಂದು ಸಣ್ಣ ಮಾಸ್ಕು ತೂಗುತ್ತಿತ್ತು. ಆಯಮ್ಮ ಅದನ್ನು ನೋಡಿ, ಬೀಗದಕ್ಕನನ್ನು ನೋಡಿ, ಬಾಯಿಗೆ ಸೆರಗು ಅಡ್ಡ ಹಿಡಿದುಕೊಂಡಳು.

"ಮಾಸ್ಕ್, ಸಣ್ಣದು, ಎರಡು ಒಳಗೆ, ಒಂದು ಹೊರಗೆ," ಎಂದಳು ಬೀಗದಕ್ಕ. "ಬೀಗ, ಹೊಸದು, ಒಂದು. ಬೀಗ ಒಂದು, ಒಡೆದದ್ದು, ಆಫೀಸಿನಲ್ಲಿದೆ. ಸಹಿ ಹಾಕಿ ಸಿಸ್ಟರ್."

ಸಮಿತಿಯ ಮೂವರು ಹನ್ನೊಂದಕ್ಕೆ ಬಂದರು, ಕೈಯಲ್ಲಿ ಅಂಕಪಟ್ಟಿ. ಹಿಂದೆ ಸಾಹೇಬರು. ಹಾಸಿಗೆಗಳ ನಡುವೆ ನಡೆದರು. ಒಬ್ಬ ತಾಯಿಯನ್ನೂ ಮಾತಾಡಿಸಲಿಲ್ಲ; ಅಂಕಪಟ್ಟಿಯಲ್ಲಿ ಅದಕ್ಕೆ ಕಾಲಂ ಇರಲಿಲ್ಲವೋ ಏನೋ. ಬೀರು ತೆರೆಸಿ ಥರ್ಮಾಮೀಟರು ನೋಡಿ, "ಆರು ವರ್ಷದಿಂದ ಒಂದೂ ಒಡೆದಿಲ್ಲವೇ? ಭೇಷ್!" ಎಂದರು. ಏಳನೇ ಹಾಸಿಗೆಯ ಅಜ್ಜಿ ಮೊಮ್ಮಗುವನ್ನು ಎತ್ತಿಕೊಂಡು ಎದ್ದು ನಿಂತು ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಅವರು ಮುಂದೆ ಹೋಗಿದ್ದರು. ಮೂಲೆಗೆ ಬಂದಾಗ ಅವರಲ್ಲಿ ಹಿರಿಯರಾದವರು ಪೆನ್ನಿನ ತುದಿಯಿಂದ ಸಿಲಿಂಡರ್ ತೋರಿಸಿದರು.

"ಏನಿದು ಚಿಂದಿ?"

"ಸ್ಪ್ಯಾನರ್, ಸರ್. ಕೈಗೆ ಸಿಗ್ಲಿ ಅಂತ," ಎಂದಳು ಬೀಗದಕ್ಕ.

"ಬ್ಯಾಂಡೇಜ್ ಬಟ್ಟೆನ ಹೀಗೆಲ್ಲ ಬಳಸೋ ಹಾಗಿಲ್ಲ. ಸಲಕರಣೆ ಅಂದ್ರೆ ಅದರ ಜಾಗದಲ್ಲಿರ್ಬೇಕು. ಒಂದು ಅಂಕ ಕಡಿಮೆ ಹಾಕ್ಬೇಕಾಗುತ್ತೆ."

"ಹಾಕಿ, ಸರ್."

ಸಾಹೇಬರ ಕೆನ್ನೆ ಅದುರಿತು. ಸಮಿತಿ ಬಾಗಿಲು ದಾಟಿದ ಮೇಲೆ ಹಿಂದಿರುಗಿ, ಹಲ್ಲು ಕಚ್ಚಿ ಹೇಳಿದರು, "ನಿಮಗೂ ಶುರುವಾಯ್ತಾ? ಐದು ತಿಂಗಳು ಸುಮ್ಮನಿರೋಕೆ ಆಗಲ್ವಾ? ನಾನು ಮಧ್ಯಾಹ್ನ ಬರೋ ಹೊತ್ತಿಗೆ ಅದನ್ನ ಬಿಚ್ಚಿ ಒಳಗಿಟ್ಟಿರ್ಬೇಕು."

ಎರಡು ಗಂಟೆಗೆ ಹೊಸ ಸಿಸ್ಟರ್ ಮೇಜಿನ ಕೆಳಗಿನಿಂದ ಬ್ಯಾಗ್ ಎಳೆದುಕೊಂಡಳು. ಆಯಮ್ಮ ಬಸ್‌ಸ್ಟ್ಯಾಂಡಿನವರೆಗೂ ಬರುತ್ತೇನೆಂದು ಹಟ ಹಿಡಿದಿದ್ದಳು. ಬಾಗಿಲಲ್ಲಿ ಕಲ್ಲು ಮತ್ತೆ ತನ್ನ ಜಾಗಕ್ಕೆ ಬಂದಿತ್ತು. ಅದನ್ನು ದಾಟುವಾಗ ಅವಳು ಒಮ್ಮೆ ತಿರುಗಿ ನೋಡಿದಳು.

ಬೀಗದಕ್ಕ ಸಿಲಿಂಡರಿನ ಮುಂದೆ ನಿಂತಿದ್ದಳು. ಎರಡೂ ಕೈ ಪಟ್ಟಿಯ ಗಂಟಿನ ಮೇಲಿದ್ದವು. ಸ್ವಲ್ಪ ಹೊತ್ತು ಹಾಗೇ ನಿಂತು, ಗಂಟನ್ನು ಎಳೆದು ನೋಡಿದಳು. ಆಮೇಲೆ ಸೊಂಟಕ್ಕೆ ಸಿಕ್ಕಿಸಿದ್ದ ಇನ್ನೊಂದು ತುಂಡು ಪಟ್ಟಿ ತೆಗೆದು, ಅಂಚನ್ನು ಒಳಕ್ಕೆ ಮಡಿಸಿಕೊಂಡು, ಅದರ ಮೇಲೆ ಇನ್ನೊಂದು ಗಂಟು ಹಾಕಿದಳು.